ಖಾನಾವಳಿ ಮುಂದೆ ಮುಗಿದ ಬಿರುಕು

“ಭೂಮಿಯೊಳಗಿನ ಬಿರುಕು ನನ್ನ ಹೆಜ್ಜಿ ಸಪ್ಪಳ ಕೇಳಿದ್ರ ಸಾಕು, ತಾನ ಎದ್ದು ಬಂದು ನಮಸ್ಕಾರ ಮಾಡತೈತಿ!” ಎಂದು ಭೂವಿಜ್ಞಾನಿ ಚಂದ್ರಾಮಪ್ಪ ಮೇಜು ಗುದ್ದಿದ. “ನಕ್ಷೆದಾಗಿನ ಈ ಬಿರುಕಿನ ಗುಂಟ ತುದಿತನಕ ನಡದೀನಿ. ಹುಲಿ ಅಡ್ಡ ಬಂದಿತ್ತು, ನನ್ನ ನೋಡಿ ದಾರಿ ಬಿಡ್ತು.”

ನಸೀಮಾ ನಗಲಿಲ್ಲ. ಅವನು ನಕ್ಷೆಯಲ್ಲಿ ಗುರುತಿಸಿದ ಬಿರುಕಿನ ಉದ್ದವನ್ನು ಕಂಪ್ಯೂಟರಿಗೆ ಕೊಟ್ಟು, ಅದು ಎಷ್ಟು ದೊಡ್ಡ ಭೂಕಂಪ ಎಬ್ಬಿಸಬಲ್ಲದೆಂದು ಲೆಕ್ಕ ಹಾಕುವುದು ಅವಳ ಕೆಲಸ. ಬಿರುಕು ಉದ್ದವಾದಷ್ಟೂ ನಡುಕ ಜೋರು.

“ಅಲ್ರಿ ಸರ್, ನಿಮ್ಮ ಬಿರುಕು ಬರೋಬ್ಬರಿ ಖಾನಾವಳಿ ಮುಂದ ಮುಗದೈತಲ್ರಿ?”

“ಅಲ್ಲಿ ನೆಲ ಗಟ್ಟಿ ಐತಿ ತಂಗಿ. ನನ್ನ ಕಣ್ಣೆದುರಿಗೇ ಬಿರುಕು ಕೊನಿ ಉಸಿರು ಬಿಡ್ತು!” ಹಾಗೆಂದವನೇ ಲೋಟದ ನೀರನ್ನೆಲ್ಲ ಒಂದೇ ಗುಟುಕಿಗೆ ಕುಡಿದ.

“ಹಂಗಾದ್ರ ಸಣ್ಣ ಭೂಕಂಪ ಅಂತ ಹಾಕ್ತೀನ್ರಿ. ಖಾನಾವಳಿ ಆಚೆ ಹೆರಿಗಿ ಆಸ್ಪತ್ರಿ ಕಟ್ಟಾಕ ಹತ್ಯಾರ. ಈ ಲೆಕ್ಕ ನೋಡೇ ಕಂಬದಾಗಿನ ಕಬ್ಬಿಣ ಕಡಿಮಿ ಮಾಡ್ತಾರಂತ.”

“ಎಷ್ಟು ಅಂತಸ್ತಿಂದು?”

“ನಾಕು. ಕೂಸುಗಳ ವಾರ್ಡು ಎಲ್ಲಕ್ಕಿಂತ ಮ್ಯಾಲ. ಕಳಿಸಲೇನ್ರಿ ಸರ್?” ಅವಳ ಬೆರಳು ಆಗಲೇ ಗುಂಡಿಯ ಮೇಲಿತ್ತು.

ಹುಲಿಯಿಂದಲೇ ದಾರಿ ಬಿಡಿಸಿಕೊಂಡವನು ಖಾಲಿ ಲೋಟವನ್ನೇ ಮತ್ತೆ ಬಾಯಿಗಿಟ್ಟ.

“ಬ್ಯಾಡ ತಂಗಿ, ಒತ್ತಬ್ಯಾಡ. ಅವತ್ತು ಎಣಗಾಯಿ ರೊಟ್ಟಿ ಹೊಡದು ಬೇವಿನ ನೆರಳಿಗೆ ಅಡ್ಡಾದೆ, ಮುಂದ ನಡೀಲೇ ಇಲ್ಲ. ಖಾನಾವಳಿ ಮುಂದ ನಿಂತದ್ದು ಬಿರುಕಲ್ಲ, ನಾನು.”