ತೊಟ್ಟಿನ ಇದ್ದಿಲು

ಶ್ರೀದೇವಿ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಬ್ಯಾಡಗಿಯ ಆ ಓಣಿ ಪೂರ್ತಿ ಸೀನತೊಡಗಿತು. ಕುಲ್ಸುಮಬಿಯ ಹಿತ್ತಲ ಒಲೆಯ ಮೇಲಿದ್ದದ್ದು ಹಳೆಯ ಎಣ್ಣೆ ಡಬ್ಬಿ. ಅದರೊಳಗೆ ಎರಡು ಕಿಲೋ ಮೆಣಸಿನಕಾಯಿ ತೊಟ್ಟು ಸುಟ್ಟು ಇದ್ದಿಲಾಗಿತ್ತು. ಹೊಗೆ ಗೋಡೆ ಹಾರಿತು. ಎದುರುಮನೆಯ ಮುದುಕ ಸೀನಿದ, ಅವನ ಆಡು ಸೀನಿತು, ಸೈಕಲ್ ಮೇಲೆ ಹೊರಟಿದ್ದ ಅಂಚೆಯವನು ಸೀನುತ್ತಲೇ ಕೆಳಗಿಳಿದು ನಿಂತ.

"ಕಾಲೇಜಿನಾಗೂ ಹಿಂಗ ಸುಟ್ಟಿದ್ರೇನ್ರಿ ಬಾಯಾರ?" ಕುಲ್ಸುಮಬಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

"ಸುಟ್ಟಿದ್ದೆ. ಮೂರು ಕ್ಲಾಸು ಬಯಲಿಗೆ ಓಡಿದ್ವು. ಪ್ರಿನ್ಸಿಪಾಲರಿಗೆ ಸೀನಿ ಸೀನಿ ಬೈಯಾಕೂ ಆಗಲಿಲ್ಲ. ಬಾಗಿಲದ ಕಡೆ ಬೊಟ್ಟು ತೋರಿಸಿದ್ರು, ಅಷ್ಟ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಗೆ ನೋಡಿದರೆ ನಗುವ ಹೊತ್ತಲ್ಲ. ಹೊಲದ ಕಸದಿಂದ ನೀರಿನ ವಿಷ ತೆಗೆಯುವುದು ಶ್ರೀದೇವಿಯ ಸಂಶೋಧನೆ. ಹಾವೇರಿಯ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಮೂರು ವರ್ಷ ಗೋವಿನಜೋಳದ ದಿಂಡು, ಶೇಂಗಾ ಸಿಪ್ಪೆ, ಹತ್ತಿ ಕಟ್ಟಿಗೆ ಎಲ್ಲ ಸುಟ್ಟು ನೋಡಿ ಸೋತಿದ್ದಳು. ಈ ತಿಂಗಳು ದಾಟಿದರೆ ವಿಷಯವನ್ನೇ ಬದಲಿಸಬೇಕೆಂದು ಮಾರ್ಗದರ್ಶಕರು ಹೇಳಿಬಿಟ್ಟಿದ್ದರು. ತೊಟ್ಟು ಬಿಡಿಸುವುದರಲ್ಲೇ ಮೂವತ್ತು ವರ್ಷ ಕಳೆದ ಕುಲ್ಸುಮಬಿಗೆ ಬೇರೆಯ ಚಿಂತೆ. ಅವಳ ಹಿತ್ತಲ ಬೋರಿಂಗಿನಲ್ಲಿ ಎರಡು ವರ್ಷದಿಂದ ಹಳದಿ ನೀರು ಬರುತ್ತಿತ್ತು; ಎರಡು ಓಣಿ ದಾಟಿ ಕೊಡ ಹೊತ್ತು ಅವಳ ಸೊಂಟ ಬಿದ್ದುಹೋಗಿತ್ತು.

"ಯಾರ ಮನಿಗೆ ಬೆಂಕಿ ಹತ್ತೇತಿ?" ಎಂದು ಮೂಗಿಗೆ ಟವೆಲ್ ಒತ್ತಿಕೊಂಡು ಕೊಟ್ರೇಶ ಓಡಿಬಂದ. ಗೋಡೆಯ ಆಚೆ ಅವನದು ಕ್ರೋಮಿಯಂ ಪಾಲಿಶಿನ ಅಂಗಡಿ. ರಾಣೆಬೆನ್ನೂರಿನ ಗ್ಯಾರೇಜುಗಳಿಂದ ಬರುವ ಬಂಪರು, ಹ್ಯಾಂಡಲುಗಳಿಗೆ ಅವನು ಹೊಳಪು ಕೊಡುತ್ತಿದ್ದ. ನೀರು ಹಳದಿಯಾದದ್ದು ಅಲ್ಲಿಂದ ನೆಲಕ್ಕಿಳಿದ ಕ್ರೋಮಿಯಂ ವಿಷದಿಂದಲೇ. ಅಂಗಡಿ ಮುಚ್ಚಬೇಕೆಂದು ನೋಟೀಸು ಬಂದು ಎಂಟು ದಿನವಾಗಿತ್ತು.

"ನಿನ್ನ ಪಾಪಕ್ಕ ಔಷಧ ಹುರಿಯಾಕತ್ತೇವಿ. ಸುಮ್ಮ ಕುಂದ್ರು," ಎಂದಳು ಕುಲ್ಸುಮಬಿ.

ಶ್ರೀದೇವಿ ಇದ್ದಿಲನ್ನು ಆರಿಸಿ, ಕುಟ್ಟಿ, ತೊಳೆದು, ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯೊಂದನ್ನು ತಲೆಕೆಳಗು ಮಾಡಿ ಅದರೊಳಗೆ ತುಂಬಿದಳು. ಬೋರಿಂಗಿನ ನೀರಿಗೆ ಚೂರು ಆಮ್ಲ ಬೆರೆಸಿ ಮೇಲಿನಿಂದ ಸುರಿದಳು. ಕೆಳಗಿನ ಲೋಟಕ್ಕೆ ಹನಿ ಹನಿಯಾಗಿ ನೀರು ಬಿತ್ತು. ತಿಳಿಯಾಗಿಯೇ ಇತ್ತು. ಆದರೆ ಕಣ್ಣನ್ನು ನಂಬುವ ಹಾಗಿರಲಿಲ್ಲ. ಅವಳು ಚೀಲದಿಂದ ಸಣ್ಣ ಶೀಶೆ ತೆಗೆದಳು.

"ಇದನ್ನ ಹಾಕಿದ್ರ, ವಿಷ ಇದ್ದ ನೀರು ನೇರಳೆ ಆಗತೈತಿ. ನೋಡ್ರಿ."

ಮೊದಲು ಬೋರಿಂಗಿನ ನೀರಿಗೆ ಎರಡು ಹನಿ ಹಾಕಿದಳು. ನೀರು ಕಳಿತ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಕೊಟ್ರೇಶ ತಲೆ ತಗ್ಗಿಸಿದ. ಆಮೇಲೆ ಸೋಸಿದ ನೀರಿಗೆ ಎರಡು ಹನಿ. ಮೂವರೂ ಲೋಟದ ಮೇಲೆ ಬಗ್ಗಿದರು. ಬಣ್ಣ ಬರಲಿಲ್ಲ. ಇನ್ನೆರಡು ಹನಿ ಹಾಕಿದಳು. ಆಗಲೂ ಬರಲಿಲ್ಲ.

"ಶೀಶೆದಾಗಿನ ಔಷಧ ಕೆಟ್ಟೇತೇನ್ರಿ?" ಎಂದ ಕೊಟ್ರೇಶ.

"ಔಷಧ ಅಲ್ಲೋ! ವಿಷ ಹೋಗೇತಿ!" ಶ್ರೀದೇವಿ ಕಿರುಚಿದಳು. ನೆಗೆದ ರಭಸಕ್ಕೆ ಅವಳ ಒಂದು ಚಪ್ಪಲಿ ಹಾರಿ ಹಂಚಿನ ಮೇಲೆ ಕೂತಿತು. ಕುಲ್ಸುಮಬಿಯ ಎರಡೂ ಕೈ ಹಿಡಿದು ಫುಗಡಿ ತಿರುಗತೊಡಗಿದಳು. "ಅಯ್ಯ, ಸೊಂಟಾರೀ, ನನ್ನ ಸೊಂಟಾ!" ಎನ್ನುತ್ತ ಕುಲ್ಸುಮಬಿಯೂ ಗರಗರ ತಿರುಗಿದಳು. ಕೊಟ್ರೇಶ ಹೊಸ ಮೊಬೈಲಿನಲ್ಲಿ ಹೆಂಡತಿಗೆ, "ಅಂಗಡಿ ಉಳೀತ ನೋಡ! ಮೆಣಸಿನಕಾಯಿ ತೊಟ್ಟು ಉಳಿಸ್ತ! ನಾ ಕುಡದಿಲ್ಲಬೇ, ಖರೇ ಹೇಳಾಕತ್ತೇನಿ!" ಎಂದು ಕೂಗುತ್ತಿದ್ದ. ಲೋಟಕ್ಕೆ ಕೈಹಾಕಿದ ಅವನನ್ನು, "ಇನ್ನೂ ಪರೀಕ್ಷೆ ಅದಾವು, ಈಗ ಕುಡೀಬ್ಯಾಡೋ," ಎಂದು ಶ್ರೀದೇವಿ ನಗುನಗುತ್ತ ತಡೆದಳು.

ನಗು ಇಳಿಯುವಷ್ಟರಲ್ಲಿ ಕುಲ್ಸುಮಬಿ ಹಿತ್ತಲು ಚೊಕ್ಕ ಮಾಡತೊಡಗಿದಳು. ಬಾಟಲಿಯ ಒದ್ದೆ ಇದ್ದಿಲನ್ನು ಮೊರಕ್ಕೆ ಬಡಿದುಕೊಂಡು ಗಟಾರದ ಕಡೆ ನಡೆದಳು. ಮೊರ ಚಾಚಿದವಳು ಹಾಗೇ ನಿಂತಳು.

"ಬಾಯಾರ, ವಿಷ ನೀರಾಗ ಇಲ್ಲಂದ್ರ, ಇದರಾಗ ಐತಿ. ಹೌದಲ್ರಿ?"

"ಹೌದು," ಎಂದಳು ಶ್ರೀದೇವಿ, ಹಂಚಿನ ಮೇಲಿನ ಚಪ್ಪಲಿಗೆ ಕೋಲು ಹುಡುಕುತ್ತ.

"ಹಂಗಾರ ಇದನ್ನ ಎಲ್ಲಿ ಚೆಲ್ಲಲಿ?"

ಶ್ರೀದೇವಿ ತಿರುಗಿ ನೋಡಿದಳು. ಕೊಟ್ರೇಶ ಫೋನು ಕಿವಿಯಿಂದ ಇಳಿಸಿದ. ಮೊರದ ಅಂಚಿನಲ್ಲಿ ಕಪ್ಪು ನೀರಿನ ಹನಿಯೊಂದು ದಪ್ಪಗಾಗುತ್ತ, ಗಟಾರಕ್ಕೆ ಬೀಳಲು ತೂಗುತ್ತಿತ್ತು. ಕುಲ್ಸುಮಬಿ ಇನ್ನೊಂದು ಅಂಗೈಯನ್ನು ಅದರ ಕೆಳಗೆ ಹಿಡಿದಳು.