ಡಾಕ್ಟರ ಮೈಯಲ್ಲಿ ಕಾಲು ಗಂಟೆ

ನಾಲ್ಕು ವರ್ಷಗಳಲ್ಲಿ ಮೊದಲ ಸಲ ಫಕೀರವ್ವ ಗಟ್ಟಿ ಕುರ್ಚಿಯಲ್ಲಿ ನೋವಿಲ್ಲದೆ ಕುಳಿತಿದ್ದಳು. ಕುಳಿತ ಮೈ ಮಾತ್ರ ಅವಳದಲ್ಲ, ಡಾಕ್ಟರ್ ನಾಝನೀನ್ ಅವರದು. ಆಪರೇಷನ್‌ಗೆ ಬರೆದುಕೊಡುವ ಮೊದಲು ಡಾಕ್ಟರು ರೋಗಿಯ ಮೈಯಲ್ಲಿ, ರೋಗಿ ಡಾಕ್ಟರ ಮೈಯಲ್ಲಿ ಕಾಲು ಗಂಟೆ ಇದ್ದು ಬರುವುದು ಹುಬ್ಬಳ್ಳಿಯ ಆ ಆಸ್ಪತ್ರೆಯಲ್ಲಿ ಬಿ.ಪಿ. ನೋಡಿದಷ್ಟೇ ಮಾಮೂಲು. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಫಕೀರವ್ವನಿಗೆ ಅದು ಅನುಕೂಲವೇ ಆಯಿತು. ಗಂಡನಿಗೂ ಹೇಳದ ಸಂಗತಿಯನ್ನು ಇಲ್ಲಿ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಅಷ್ಟರಲ್ಲಿ ಅವಳ ಮೈ ಸೀರೆ ಸರಿಪಡಿಸಿಕೊಳ್ಳುತ್ತ, ಕಾಲಗಲಿಸಿ ನಡೆಯುತ್ತ ಶೌಚಾಲಯದಿಂದ ಹೊರಬಂತು. ನರ್ಸ್ ಮೈ ಬದಲಿಸುವ ಯಂತ್ರದ ಗುಂಡಿ ಒತ್ತಿದಳು. ಇಬ್ಬರೂ ತಮ್ಮ ತಮ್ಮ ಮೈಗೆ ಮರಳಿದರು.

"ತಿಣುಕಿದ ಕೂಡ್ಲೆ ಗುದದಿಂದ ಕರುಳು ಮೂರು ಬೆರಳಷ್ಟು ಹೊರಗ ಬಂತು. ಒಳಗ ದೂಡಿ ಬಂದೆ," ಎಂದರು ಡಾಕ್ಟರ್. "ಇದನ್ನ ಇಟ್ಕೊಂಡು ದಿನಾ ರೊಟ್ಟಿ ಬಡದೀರಿ? ನಾಳೆನ ಆಪರೇಷನ್. ಹೊಟ್ಟಿಗೆ ಸಣ್ಣ ತೂತು ಹಾಕಿ, ಕರುಳು ಮ್ಯಾಲೆ ಎಳದು ಬೆನ್ನೆಲುಬಿಗೆ ಹೊಲಿತೀನಿ. ಆಮ್ಯಾಲೆ ನೀವು ತಿಣುಕೂದು ಬಿಡಬೇಕು."

"ಅದನ್ನ ನೀವು ಹೇಳ್ತೀರಿ?" ಎಂದಳು ಫಕೀರವ್ವ. "ಎರಡು ದಿನದಿಂದ ಸಂಡಾಸಕ್ಕ ಹೋಗಿಲ್ಲ ನೀವು. ಹೊಟ್ಟಿ ಕಲ್ಲಾಗೇತಿ. ಅದನ್ನ ಇಷ್ಟೊತ್ತು ನಾನ ಹೊತ್ಕೊಂಡು ಕುಂತಿದ್ನೆಲ್ರಿ."

ನರ್ಸ್ ಫೈಲನ್ನು ಮುಖಕ್ಕೆ ಅಡ್ಡ ಹಿಡಿದಳು.

"ಒಂದಾದ ಮ್ಯಾಲೊಂದು ಆಪರೇಷನ್. ಪುರಸೊತ್ತ ಸಿಗೂದಿಲ್ಲವ್ವ," ಎಂದರು ಡಾಕ್ಟರ್.

"ನಂದೂ ಹಿಂಗ ಶುರು ಆಗಿದ್ದು. ಒಲಿ ಮುಂದಿಂದ ಏಳಾಕ ಪುರಸೊತ್ತ ಇರಲಿಲ್ಲ. ಮೊದಲ ಹೋಗಿ ಬರ್ರಿ."

ಡಾಕ್ಟರ್ ಎದ್ದು ಕುರ್ಚಿ ತೋರಿಸಿದರು. "ಅಲ್ಲೀತನಕ ನೀವು ಕುಂಡ್ರಿ."

"ನಿಂತಿರ್ತೀನ್ರಿ, ನೀವು ಅವಸರ ಮಾಡಬ್ಯಾಡ್ರಿ," ಎಂದಳು ಫಕೀರವ್ವ. "ಆಪರೇಷನ್ ಆದ ಮ್ಯಾಲೆ ಕುಂಡ್ರೂದು ಇನ್ನ ಬೇಕಾದಷ್ಟೈತಿ."