ಕಟ್ಟನ್ನು ಮುಟ್ಟದವಳು

ಭವಿಷ್ಯ ಹೇಳುವ ಕಾರ್ಡಮ್ಮನ ಸ್ಕೂಟರಿನ ಟೈರುಗಳು ಹೊಸವು. ಬಾಗಿಲ ಪಕ್ಕ ನಿಂತಿದ್ದ ಆ ಗಾಡಿಯ ಬಣ್ಣ ಎಂದೋ ಹೋಗಿತ್ತು, ಸೀಟು ಹರಿದಿತ್ತು. ಟೈರುಗಳು ಮಾತ್ರ ಈಗಷ್ಟೇ ಅಂಗಡಿಯಿಂದ ಬಂದ ಹಾಗೆ ಕಪ್ಪಗೆ ಹೊಳೆಯುತ್ತಿದ್ದವು. ಯಾರ ಅಂಗಡಿಯಿಂದ ಎಂದು ತಂಗಿಗೆ ಯಾರೂ ಹೇಳಬೇಕಾಗಿರಲಿಲ್ಲ. ಟೈರಿನ ಅಂಗಡಿ ಇಟ್ಟಿದ್ದ ಅಣ್ಣ ಅವಳ ಮುಂದೆಯೇ ಸಿಳ್ಳೆ ಹಾಕುತ್ತಾ ಮೆಟ್ಟಿಲು ಹತ್ತುತ್ತಿದ್ದ.

ಅವಳು ಮೆಟ್ಟಿಲ ಬುಡದಲ್ಲೇ ಒಮ್ಮೆ ನಿಂತಳು. ಆದರೂ ಹಿಂದೆ ಸರಿಯುವ ಜಾಯಮಾನ ಅವಳದಲ್ಲ. ತಲೆಯೆತ್ತಿಕೊಂಡೇ ಹತ್ತಿದಳು. ಹಿಂದಿನಿಂದ ಏದುಸಿರು ಬಿಡುತ್ತಾ ಅಮ್ಮ ಬಂದಳು.

ವಿಷಯ ಇಷ್ಟೇ. ಅಮ್ಮನ ಮನೆಯಲ್ಲಿ ರಸ್ತೆಗೆ ಬಾಗಿಲಿರುವ ಒಂದು ಕೋಣೆ ಖಾಲಿ ಬಿದ್ದಿದೆ. ಕತ್ತರಿ, ಬಾಚಣಿಗೆ ಚೀಲಕ್ಕೆ ತುಂಬಿಕೊಂಡು ಮನೆಮನೆಗೆ ಹೋಗಿ ಹೆಂಗಸರ ಕೂದಲು ಕತ್ತರಿಸುವ ತಂಗಿಗೆ ಅಲ್ಲಿ ತನ್ನದೇ ಒಂದು ಕನ್ನಡಿ, ಒಂದು ಕುರ್ಚಿ ಹಾಕಬೇಕು. ಅಣ್ಣನಿಗೆ ಅಲ್ಲಿ ಟೈರು ಪೇರಿಸಬೇಕು. ಅಮ್ಮನಿಗೆ ಇಬ್ಬರೂ ಬೇಕು. ಕೊನೆಗೆ ಅಣ್ಣನೇ ದಾರಿ ತೋರಿಸಿದ. "ಕಾರ್ಡಮ್ಮನ ಹತ್ರ ಹೋಗೋಣ. ಅವಳ ಟ್ಯಾರೋ ಕಾರ್ಡು ಏನು ಹೇಳುತ್ತೋ ಅದೇ ಸರಿ." ಬದುಕಿದೆಯಾ ಬಡಜೀವವೇ ಎಂದು ಅಮ್ಮ ಒಪ್ಪಿ, ಬೀಗದ ಕೈಯನ್ನು ಕೈಚೀಲಕ್ಕೆ ಹಾಕಿಕೊಂಡಳು. ಮೊದಲು ಹಾರಾಡಿದ ತಂಗಿ ಆಮೇಲೆ ಯಾಕೋ ತಣ್ಣಗಾಗಿದ್ದಳು.

ಕಾರ್ಡಮ್ಮ ನೀಲಿ ಬಟ್ಟೆ ಹಾಸಿದ ಮೇಜಿನ ಹಿಂದೆ ಕೂತಿದ್ದಳು. ಕಿವಿಯ ಕೆಳಗೆ ಸರಿಸಮವಾಗಿ ನಿಂತ ನರೆಗೂದಲು, ಒಂದೆಳೆಯೂ ಆಚೀಚೆ ಇಲ್ಲ. ತಂಗಿಯ ಕಣ್ಣು ಮೊದಲು ಹೋದದ್ದು ಅಲ್ಲಿಗೇ, ಕಸುಬಿನ ಚಾಳಿ.

"ಹೊಸಬರಿಗೆ ಮೊದಲೇ ಹೇಳಿಬಿಡ್ತೀನಿ," ಎಂದಳು ಕಾರ್ಡಮ್ಮ. "ಒಟ್ಟು ಎಪ್ಪತ್ತೆಂಟು ಕಾರ್ಡು. ಇಪ್ಪತ್ತೆರಡು ದೊಡ್ಡವು, ಬಾಳಿನ ದೊಡ್ಡ ತಿರುವಿಗೆ. ಮಿಕ್ಕವು ಚಿಕ್ಕವು, ದಿನದಿನದ ರಗಳೆಗೆ. ಬಟ್ಟಲು ಅಂದ್ರೆ ಮನಸ್ಸು, ಕೋಲು ಅಂದ್ರೆ ಕೆಲಸ, ಕತ್ತಿ ಅಂದ್ರೆ ಬುದ್ಧಿ, ನಾಣ್ಯ ಅಂದ್ರೆ ಆಸ್ತಿಪಾಸ್ತಿ. ನೇರ ಬಿದ್ರೆ ಒಂದರ್ಥ, ತಲೆಕೆಳಗಾದ್ರೆ ಇನ್ನೊಂದು. ಮೂರು ಹಾಕ್ತೀನಿ: ಆದದ್ದು, ಆಗ್ತಿರೋದು, ಆಗೋದು."

"ಸಾವಿನ ಕಾರ್ಡು ಬಂದ್ರೆ?" ಅಮ್ಮ ತಡೆಯಲಾರದೆ ಕೇಳಿದಳು.

"ಅದು ಸಾವಲ್ಲಮ್ಮ. ಒಂದು ಮುಗೀತು, ಇನ್ನೊಂದು ಶುರು ಅಂತ. ಸುಮ್ನೆ ಹೆದರ್ತಾರೆ ಜನ."

ಕಾರ್ಡುಗಳನ್ನು ಕಲೆಸಿ, ಕಟ್ಟನ್ನು ತಂಗಿಯ ಮುಂದಿಟ್ಟಳು. "ಎಡಗೈಯಿಂದ ಎರಡು ಮಾಡಬೇಕು. ಯಾರ ಕೈಯೋ ಅವರ ಕಥೆ."

ತಂಗಿ ಕೈಕಟ್ಟಿ ಕೂತಳು. "ನಾನು ಮುಟ್ಟಲ್ಲ."

"ಮುಟ್ಟೇ ನಮ್ಮಮ್ಮ," ಅಮ್ಮ ಗೋಗರೆದಳು.

"ಇಷ್ಟು ವರ್ಷ ಈ ಕೈಲೇ ದುಡಿದು ತಿಂದಿದೀನಿ. ಈಗ ಕಾಗದದ ಚೂರು ನನಗೆ ಬುದ್ಧಿ ಹೇಳಬೇಕಾ? ಅಂಗಡಿ ಇಡೋಳೇ ನಾನು. ಕೋಣೆ ಸಿಗದಿದ್ರೆ ರಸ್ತೆ ಬದೀಲಿ ಕುರ್ಚಿ ಹಾಕ್ತೀನಿ."

"ಜಂಬ ನೋಡಮ್ಮ ಇವಳದು! ಕಂಡವರ ತಲೆ ಸವರಿಕೊಂಡು ಹರಟೆ ಹೊಡೆಯೋದಕ್ಕೆ ಅಂಗಡಿ ಬೇರೆ ಕೇಡು," ಎಂದು ಅಣ್ಣ ಮುಂದೆ ಬಾಗಿದ. "ಕೊಡಿ ಇಲ್ಲಿ, ನಾನೇ ಮಾಡ್ತೀನಿ."

"ನೀವಾ?" ಕಾರ್ಡಮ್ಮ ಅವನನ್ನೇ ನೋಡಿದಳು. "ಯೋಚನೆ ಮಾಡಿದೀರಾ?"

"ಯೋಚನೆಯೆಲ್ಲಾ ಮುಂಚೇನೇ ಆಗಿದೆಯಲ್ಲ." ಅವನು ಎಡಗೈಯಿಂದ ಕಟ್ಟನ್ನು ಎರಡು ಮಾಡಿದ. ಕೆಳಗೆ ಹೋಗಬೇಕಾದ ಮೇಲಿನ ಅರ್ಧವನ್ನು ಕಾರ್ಡಮ್ಮ ಎತ್ತಿ ಮತ್ತೆ ಮೇಲೆಯೇ ಇಟ್ಟಳು; ಮೊದಲೇ ಜೋಡಿಸಿಟ್ಟ ಕ್ರಮ ಕದಲಲಿಲ್ಲ. ತಂಗಿ ಅದನ್ನು ಕಂಡಳು. ಅಣ್ಣನೂ ಕಂಡು, ಮೀಸೆಯಡಿಯಲ್ಲೇ ನಕ್ಕ.

ಮೊದಲ ಕಾರ್ಡು, ಏಳು ಕತ್ತಿ. ತೋಳ್ತುಂಬ ಕತ್ತಿ ಬಾಚಿಕೊಂಡು, ಹಿಂದೆ ನೋಡುತ್ತಾ, ತುದಿಗಾಲಲ್ಲಿ ಜಾರಿಕೊಳ್ಳುತ್ತಿರುವ ಮನುಷ್ಯ.

"ಆದದ್ದು. ಬೆನ್ನ ಹಿಂದೆ ನಡೆಸಿದ ಮಸಲತ್ತು."

"ನಾನು ಹೇಳ್ಲಿಲ್ವಾ? ಒಳಗೊಳಗೇ ಏನೋ ಹೂಡಿದಾಳೆ!" ಎಂದ ಅಣ್ಣ.

ಎರಡನೆಯದು, ನಾಲ್ಕು ನಾಣ್ಯ. ಒಂದನ್ನು ತಲೆಯ ಮೇಲೆ ಹೊತ್ತು, ಒಂದನ್ನು ಎದೆಗವಚಿಕೊಂಡು, ಎರಡರ ಮೇಲೆ ಕಾಲಿಟ್ಟು ಕೂತ ಜುಗ್ಗ.

"ಆಗ್ತಿರೋದು. ಇದ್ದಷ್ಟು ಸಾಲದು, ಇನ್ನೊಬ್ಬರಿಗೂ ಬಿಡಲ್ಲ."

"ಆ ಕೋಣೆ, ಅಮ್ಮ! ದುರಾಸೆ ಅಂದ್ರೆ ಇದೇ. ಚೆನ್ನಾಗಿ ಕೇಳಿಸ್ಕೊ."

ಮೂರನೆಯದು ಗೋಪುರ. ಸಿಡಿಲು ಬಡಿದು ನೆತ್ತಿ ಹಾರಿದೆ, ಜನ ತಲೆಕೆಳಗಾಗಿ ಉದುರುತ್ತಿದ್ದಾರೆ. ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು.

"ಆಗೋದು. ದೊಡ್ಡ ಕಾರ್ಡು. ಈ ಕೈ ಅಲ್ಲಿ ಏನು ಕಟ್ಟಿದರೂ ನಿಲ್ಲಲ್ಲ."

"ಮುಗೀತು!" ಅಣ್ಣ ಮೇಜು ಕುಟ್ಟಿದ. "ಇಂಥವರ ಕೈಗೆ ಬೀಗದ ಕೈ ಕೊಡಬಾರದು ಅಂತ ಕಾರ್ಡೇ ಹೇಳ್ತಿದೆ. ನಾನಂತೂ ಕಾರ್ಡಿನ ಮಾತು ಮೀರಲ್ಲ."

ಕೆಳಗಿನ ಹೊಸ ಟೈರುಗಳು ತಂಗಿಯ ಕಣ್ಣಿಗೆ ಕಟ್ಟಿದವು. ಆದರೂ ಗಲ್ಲ ಇಳಿಸಲಿಲ್ಲ. "ಬಿದ್ರೆ ಬೀಳಲಿ. ಮತ್ತೆ ಕಟ್ಟೋಕೆ ನನಗೆ ಬರುತ್ತೆ."

"ನಿಂದ್ಯಾಕಮ್ಮ ಬೀಳುತ್ತೆ?" ಕಾರ್ಡಮ್ಮ ತಣ್ಣಗೆ ಹೇಳಿದಳು. "ನೀನು ಕಟ್ಟನ್ನು ಮುಟ್ಟಲೇ ಇಲ್ಲವಲ್ಲ. ನಾನು ಓದಿದ್ದು ನಿಮ್ಮಣ್ಣನ ಕಾರ್ಡು."

ಪುಕ್ಕಟೆ ಹಾಕಿಸಿಕೊಟ್ಟ ಟೈರಿನ ಮಾತು ಅಣ್ಣನ ನಾಲಿಗೆ ತುದಿಗೆ ಬಂದಿರಬೇಕು. ಅಮ್ಮನೆದುರು ಆಡುವುದು ಹೇಗೆ? ನುಂಗಿಕೊಂಡ. ಅಮ್ಮ ಮೂರು ಕಾರ್ಡುಗಳನ್ನೂ ಮಗನನ್ನೂ ಮತ್ತೊಮ್ಮೆ ನೋಡಿದಳು. ಆಮೇಲೆ ಕೈಚೀಲ ತೆರೆದು, ಬೀಗದ ಕೈಯನ್ನು ಮಗಳ ಮಡಿಲಿಗೆ ಹಾಕಿದಳು.

"ಮೀರಲ್ಲ ಅಂದ್ಯಲ್ಲೋ," ಎಂದಷ್ಟೇ ಹೇಳಿ ಎದ್ದಳು.

ಅಣ್ಣ ದಡದಡ ಮೆಟ್ಟಿಲಿಳಿದ. ಅವನನ್ನು ಸಮಾಧಾನ ಮಾಡಲು ಅಮ್ಮ ಹಿಂದೆಯೇ ಹೋದಳು. ತಂಗಿ ಬಾಗಿಲಲ್ಲಿ ನಿಂತು ತಿರುಗಿದಳು.

"ಆ ಟೈರು ನೋಡಿ ನನ್ನ ಜೀವವೇ ಹೋಗಿತ್ತು. ಅವನ ಕಡೆ ವಾಲಿಬಿಟ್ರಿ ಅಂದ್ಕೊಂಡೆ."

ಕಾರ್ಡಮ್ಮ ಕಿವಿಯ ಕೆಳಗಿನ ಕೂದಲಂಚನ್ನು ಬೆರಳಲ್ಲಿ ಸವರಿಕೊಂಡಳು. "ಮೊನ್ನೆ ನಿನ್ನ ಕತ್ತರಿ ಕೆಳಗೆ ಕೂತು, ಕಟ್ಟನ್ನು ಮುಟ್ಟಬೇಡ ಅಂತ ಹೇಳಿಕೊಟ್ಟೋಳು ನಾನೇ ಅಲ್ವೇನೇ? ಟೈರು ಒಂದ್ಸಲ ಹಾಕಿಸಿದ್ರೆ ಐದು ವರ್ಷ ಬರುತ್ತೆ. ಕೂದಲು ತಿಂಗಳು ತಿಂಗಳೂ ಬೆಳೆಯುತ್ತೆ."